ಮತ್ತೋಡಿನ ಓಬಳೇಶ ಮೀಟಿಂಗಿಗೆ ಬಂದದ್ದು

ಮುಂದಿನ ತಿಂಗಳಿಂದ ನಮ್ಮ ನಿವೃತ್ತರನ್ನು ಒಟ್ಟು ಸೇರಿಸುವ ಈ ಕೆಲಸ ಹೊಳಲ್ಕೆರೆಯ ಪ್ರಸನ್ನನದು. ನಾನು ಬಿಡುತ್ತಿದ್ದೇನೆ. ಮಂಡಿ ಮಾತು ಕೇಳುತ್ತಿಲ್ಲ. ಫೋನಿನಲ್ಲಿ ಎದುರಿನವರು ಹೇಳಿದ್ದು ಅರ್ಧ ಕೇಳಿಸಿ, ಇನ್ನರ್ಧ ನಾನೇ ಊಹಿಸಿಕೊಳ್ಳುವ ಹಂತ ಬಂದಿದೆ. ಊಹಿಸಿಕೊಂಡು ಮಾಡುವ ಕೆಲಸವಲ್ಲ ಇದು. ಪ್ರಸನ್ನ ಈಚೆಗೆ ನಿವೃತ್ತನಾಗಿ ಊರಿಗೆ ಬಂದವನು, ಕೂದಲು ಇನ್ನೂ ಕಪ್ಪಗಿದೆ. "ಏನೇನು ಮಾಡ್ಬೇಕು ಅಂತ ಒಂದಿಷ್ಟು ಬರೆದು ಕೊಡ್ರಿ ಅಣ್ಣ" ಅಂದ. ಬರೆಯಲು ಕೂತರೆ ನಿಯಮ ಒಂದೂ ನೆನಪಿಗೆ ಬರಲಿಲ್ಲ, ಬರೀ ಮನುಷ್ಯರು ನೆನಪಾದರು. ಅದಕ್ಕೇ ಹೀಗೆ ಬರೆದಿದ್ದೇನೆ, ಓದುವವರು ಸುಧಾರಿಸಿಕೊಳ್ಳಬೇಕು.

ನಾನು ವಾಯುಪಡೆಯ ಒಂದು ಹೆಲಿಕಾಪ್ಟರ್ ಸ್ಕ್ವಾಡ್ರನ್ನಿನಲ್ಲಿ ಫಿಟ್ಟರ್ ಆಗಿದ್ದೆ. ಸ್ಕ್ವಾಡ್ರನ್ ಅಂದರೆ ಒಂದಷ್ಟು ಹೆಲಿಕಾಪ್ಟರು, ಅವನ್ನು ಹಾರಿಸುವ ಪೈಲಟ್‌ಗಳು, ಅವು ಹಾರುವ ಸ್ಥಿತಿಯಲ್ಲಿರುವಂತೆ ನೋಡಿಕೊಳ್ಳುವ ನಮ್ಮಂಥವರು, ಇಷ್ಟೂ ಸೇರಿದ ಒಂದು ಸಂಸಾರ. ನಮ್ಮದು ಹಿಮದ ಬೆಟ್ಟಗಳಲ್ಲಿ ಕೆಲಸ. ರಸ್ತೆಯಿಲ್ಲದ ಠಾಣೆಗಳಿಗೆ ಅಕ್ಕಿ, ಬೇಳೆ, ಸೀಮೆಎಣ್ಣೆ ಒಯ್ಯುವುದು, ಕಾಯಿಲೆ ಬಿದ್ದ ಜವಾನರನ್ನು ಕೆಳಗೆ ತರುವುದು. ಅಲ್ಲಿಯ ಚಳಿಗೆ ಆಫೀಸರು ಬೇರೆ, ಫಿಟ್ಟರು ಬೇರೆ ಅಂತ ಗೊತ್ತಿಲ್ಲ. ಎಲ್ಲರೂ ಒಂದೇ ಒಲೆಯ ಸುತ್ತ ಕೂರಬೇಕು. ಹಾಗೆ ಕೂತವರು ನಿವೃತ್ತರಾದ ಮೇಲೆ ದಿಕ್ಕಿಗೊಬ್ಬರಾಗಿ ಚದುರಿಹೋಗುತ್ತಾರೆ, ಯಾರಿಗೆ ಯಾರೂ ಇಲ್ಲದಂತೆ ಆಗುತ್ತಾರೆ.

ಚಿತ್ರದುರ್ಗದ ಕಡೆಯವರೇ ಅಷ್ಟು ಜನ ಒಂದೇ ಸ್ಕ್ವಾಡ್ರನ್ನಿಗೆ ಹೇಗೆ ಸೇರಿದಿರಿ ಅಂತ ಕೇಳುತ್ತಾರೆ. ಒಟ್ಟಿಗೆ ಸೇರಿದ್ದಲ್ಲ. ಬೇರೆ ಬೇರೆ ಕಾಲಕ್ಕೆ ಬಂದು ಹೋದವರು ನಾವು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ನಾಲ್ಕೂ ತಾಲ್ಲೂಕಿನವರನ್ನು ಒಂದೆಡೆ ತರಬೇಕು ಅನ್ನಿಸಿದ್ದು ಒಂದು ಸಾವಿನಿಂದ. ನಮ್ಮ ಸ್ಕ್ವಾಡ್ರನ್ನಿನಲ್ಲಿದ್ದ ಹಿರಿಯೂರಿನ ಹಿರಿಯರೊಬ್ಬರು ತೀರಿಕೊಂಡ ಸುದ್ದಿ ನನಗೆ ವರ್ಷ ಕಳೆದ ಮೇಲೆ ಸಂತೆಯಲ್ಲಿ ಸಿಕ್ಕಿತು. ನಾಚಿಕೆಯಿಂದಲೇ ಅವರ ಮನೆಗೆ ಹೋದೆ. ಅವರ ಮಗಳು ಜಗಳವಾಡಲಿಲ್ಲ, ಬೈಯಲಿಲ್ಲ. "ಅಪ್ಪ ಕೊನೇ ದಿನಗಳಲ್ಲಿ ನಿಮ್ಮೆಲ್ಲರ ಹೆಸರು ಹೇಳ್ತಿದ್ರು. ಯಾರಿಗೆ ತಿಳಿಸ್ಬೇಕು ಅಂತ್ಲೇ ನಮಗೆ ಗೊತ್ತಾಗ್ಲಿಲ್ಲ" ಅಂದಳು. ಬೈದಿದ್ದರೇ ಚೆನ್ನಾಗಿತ್ತು. ಅವತ್ತಿನಿಂದ ಈ ಕೆಲಸ ಹಚ್ಚಿಕೊಂಡೆ.

ಶುರುವಿನಲ್ಲಿ ಪೋಸ್ಟ್ ಕಾರ್ಡು. ವರ್ಷಕ್ಕೊಂದು ಭಾನುವಾರ ಚಿತ್ರದುರ್ಗದಲ್ಲಿ ಮೀಟಿಂಗು, ತಪ್ಪದೆ ಬನ್ನಿ ಅಂತ ಬರೆದು ಡಬ್ಬಕ್ಕೆ ಹಾಕುವುದು. ಅರ್ಧ ಕಾರ್ಡು ತಲುಪುತ್ತಿರಲಿಲ್ಲ, ತಲುಪಿದವರಲ್ಲಿ ಅರ್ಧ ಜನ ಅದನ್ನು ಗೋಡೆಗೆ ಸಿಕ್ಕಿಸಿ ಮರೆಯುತ್ತಿದ್ದರು. ಆಮೇಲೆ ಎಸ್‌ಟಿಡಿ ಬೂತು ಬಂತು, ಮೊಬೈಲು ಬಂತು. ಈಗ ವಾಟ್ಸಾಪು. ಸುದ್ದಿ ಬೇಗ ಹೋಗುತ್ತದೆ, ಒಪ್ಪುತ್ತೇನೆ. ಆದರೆ ಬೆಳಗಾದರೆ ದಾಸವಾಳದ ಹೂವಿನ ಮೇಲೆ ಶುಭೋದಯ ಬರೆದು ಕಳಿಸುವವರ ನಡುವೆ, ಆಸ್ಪತ್ರೆಯಲ್ಲಿ ಮಲಗಿದವನ ಸುದ್ದಿ ಹುಡುಕಿ ತೆಗೆಯಬೇಕು. ಗುಂಪಿನಲ್ಲಿ ದಿನಾ ಹೂವು ಕಳಿಸುತ್ತಿದ್ದವನು ಒಂದು ವಾರ ಕಳಿಸಲಿಲ್ಲ ಅಂದರೆ ಪ್ರಸನ್ನ, ಫೋನು ಮಾಡು. ಫೋನು ಎತ್ತದಿದ್ದರೆ ಬಸ್ಸು ಹತ್ತು.

ವಾಟ್ಸಾಪ್ ಗುಂಪಿನಿಂದ ನನಗೆ ಮೊದಲ ತಲೆನೋವು ಬಂದದ್ದು ಹಿರಿಯೂರಿನ ವಾರಂಟ್ ಆಫೀಸರ್ ಸಾಹೇಬರಿಂದ. ಸರ್ವಿಸಿನಲ್ಲಿ ಅವರು ನನ್ನ ಮೇಲಿನವರು, ನಮ್ಮ ಬೂಟಿನ ಪಾಲಿಶಿನಲ್ಲಿ ಅವರ ಮುಖ ಅವರಿಗೆ ಕಾಣಬೇಕಿತ್ತು. ಗುಂಪಿಗೆ ಸೇರಿಸಿದ ಅರ್ಧ ಗಂಟೆಗೇ ಫೋನು ಬಂತು.

"ವಾರಂಟ್ ಆಫೀಸರ್ ಹೆಸರಿನ ಮೇಲೆ ಕಾರ್ಪೋರಲ್ ಹೆಸರು ಹೆಂಗಪ್ಪ ಬಂತು?"

"ಸರ್, ಅದು ಫೋನು ಮಾಡಿದ್ದು. ಅಕ್ಷರದ ಪ್ರಕಾರ ಜೋಡಿಸ್ತೈತೆ."

"ಹಂಗಾರೆ ಫೋನಿಗೆ ಹೇಳು."

ಎರಡು ತಿಂಗಳು ಗುಂಪು ಬಿಟ್ಟು ಹೊರಗಿದ್ದರು. ಕೊನೆಗೆ ಅವರನ್ನೇ ಗುಂಪಿನ ಅಡ್ಮಿನ್ ಮಾಡಿದೆ. ಈಗ ಶುಭೋದಯದ ಹೂವು ಎಂಟು ಗಂಟೆಯ ಮೇಲೆ ಬಂದರೆ ಕಳಿಸಿದವರನ್ನು ಬೈಯುತ್ತಾರೆ, ತುಂಬ ಸಂತೋಷವಾಗಿದ್ದಾರೆ.

ಇನ್ನೊಂದು ಅವಾಂತರ ನನ್ನದೇ. ನಮ್ಮ ಸೀಮೆಯಲ್ಲಿ ತಿಪ್ಪೇಸ್ವಾಮಿ ಅಂತ ಕೂಗಿದರೆ ಬೀದಿಯಲ್ಲಿ ಮೂವರು ತಿರುಗಿ ನೋಡುತ್ತಾರೆ. ನಮ್ಮ ಗುಂಪಿನಲ್ಲೂ ಮೂವರಿದ್ದರು. ಸ್ಕ್ವಾಡ್ರನ್ನಿನಲ್ಲಿ ಇದಕ್ಕೆ ದಾರಿ ಮಾಡಿಕೊಂಡಿದ್ದೆವು. ಯಾವ ಕೆಲಸವೋ ಅದೇ ಹೆಸರಿನ ಮುಂದೆ: ಇಂಜಿನ್ ತಿಪ್ಪೇಸ್ವಾಮಿ, ರೇಡಿಯೋ ತಿಪ್ಪೇಸ್ವಾಮಿ, ಸ್ಟೋರ್ ತಿಪ್ಪೇಸ್ವಾಮಿ. ಊರಿನವರಿಗೆ ಇದೇನು ಗೊತ್ತು. ಒಂದು ಮುಂಜಾನೆ ಯಾರೋ ಫೋನು ಮಾಡಿ "ತಿಪ್ಪೇಸ್ವಾಮಿ ಮಾವ ಹೋಗ್ಬಿಟ್ರು" ಅಂತ ಅತ್ತು ಇಟ್ಟುಬಿಟ್ಟರು. ಹಿಂದಿನ ವಾರವಷ್ಟೇ ಇಂಜಿನ್ ತಿಪ್ಪೇಸ್ವಾಮಿಗೆ ಎದೆನೋವು ಬಂದಿತ್ತು. ಅವನೇ ಅಂದುಕೊಂಡು ಫೋಟೊ ಸಮೇತ ಗುಂಪಿಗೆ ಹಾಕಿದೆ. ಹತ್ತು ನಿಮಿಷಕ್ಕೆ ಸತ್ತವನಿಂದಲೇ ಫೋನು.

"ಲೇ ರುದ್ರೇಶ, ನನ್ನ ಮಣ್ಣು ಎಷ್ಟೊತ್ತಿಗೆ ಇಟ್ಕಂಡೀರಪ್ಪ? ಉಂಡ್ಕಂಡು ಬರಾಣ ಅಂತ ಕೇಳ್ದೆ."

ಹೋದವನು ಸ್ಟೋರ್ ತಿಪ್ಪೇಸ್ವಾಮಿ. ಅವನ ಮಣ್ಣಿಗೆ ನಾವೆಲ್ಲ ತಡವಾಗಿ, ಓಡಿಕೊಂಡು ಹೋಗಿ ಮುಟ್ಟಿದೆವು. ಇಂಜಿನ್ ತಿಪ್ಪೇಸ್ವಾಮಿ ಮಾತ್ರ ಈ ಕಥೆಯನ್ನು ಹೋದಲ್ಲೆಲ್ಲ ಹೇಳಿ ನಗಿಸುತ್ತಾನೆ. ಅವನ ಹೆಂಡತಿ ನಗುವುದಿಲ್ಲ. ಅವತ್ತು ಸಾಲು ಸಾಲು ಫೋನು ಎತ್ತಿ "ಇಲ್ಲ, ಇಲ್ಲೇ ಅವ್ರೆ, ಚಾ ಕುಡೀತವ್ರೆ" ಅಂತ ಹೇಳಿ ಹೇಳಿ ಆಕೆಗೆ ಜ್ವರ ಬಂತಂತೆ. ನಾನು ಆ ಮನೆಗೆ ಹೋದರೆ ಈಗಲೂ ಬಾಗಿಲ ಹೊರಗೆ ನಿಂತೇ ಮಾತಾಡಿಸುವುದು.

ನೆನಪಿಟ್ಟುಕೊಳ್ಳುವುದು ಅಂದರೆ ಬರೀ ಸತ್ತವರನ್ನಲ್ಲ. ಬದುಕಿರುವವರು ಏನು ಮಾಡಿದರು ಅನ್ನುವುದೂ ಯಾರಿಗೂ ಗೊತ್ತಿರುವುದಿಲ್ಲ. ಭರಮಸಾಗರದ ಒಂದು ಶಾಲೆಯಲ್ಲಿ ಮಕ್ಕಳಿಗೆ ಮಾತಾಡಲು ಕರೆದಿದ್ದರು. ಹೆಲಿಕಾಪ್ಟರ್ ಅಂದ ತಕ್ಷಣ ಮಕ್ಕಳ ಕಣ್ಣು ಅರಳಿತು. ಮುಂದಿನ ಸಾಲಿನ ಹುಡುಗಿ ಎದ್ದು, "ನೀವು ಹೆಲಿಕಾಪ್ಟರ್ ಓಡ್ಸಿದೀರಾ ಸರ್?" ಅಂದಳು. ಇಲ್ಲ ಅಂದೆ. "ಮತ್ತೆ ಏನು ಮಾಡಿದ್ರಿ?" "ಬೋಲ್ಟು ಬಿಗಿದೆ." ಇಡೀ ಶಾಲೆ ನಕ್ಕಿತು, ಮೇಷ್ಟರೂ ನಕ್ಕರು. ನಾನೂ ನಕ್ಕೆ. ನಗು ನಿಂತ ಮೇಲೆ ಹೇಳಿದೆ: ಹೆಲಿಕಾಪ್ಟರಿಗೆ ತಲೆಯ ಮೇಲೆ ತಿರುಗುವ ರೆಕ್ಕೆ ಇರುತ್ತದೆ, ಅದಕ್ಕೆ ರೋಟರ್ ಅನ್ನುತ್ತಾರೆ. ಅದರ ಬುಡದ ಬೋಲ್ಟು ಬಿಗಿಯುವವನು ಮಲಗಿದ ಮೇಲೂ ಬಿಗಿದೆನೋ ಇಲ್ಲವೋ ಅಂತ ಕೈ ನೋಡಿಕೊಳ್ಳುತ್ತಾನೆ. ಆ ಮಾತು ಹೇಳುವಾಗ ನನ್ನ ಮನಸ್ಸಿನಲ್ಲಿದ್ದವನು ಓಬಳೇಶ. ಅವನ ವಿಷಯ ಹೇಳಿದರೆ ಈ ಕೆಲಸ ಏನು ಅಂತ ಪ್ರಸನ್ನನಿಗೆ ಅರ್ಥವಾದೀತು.

ಓಬಳೇಶ ನಮ್ಮ ಸ್ಕ್ವಾಡ್ರನ್ನಿನ ರೋಟರ್ ಫಿಟ್ಟರು. ನನ್ನ ಪಕ್ಕದ ಮಂಚದವನು. ಮೂವತ್ತು ವರ್ಷಕ್ಕೂ ಹಿಂದೆ, ನಾನು ತಂಗಿಯ ಮದುವೆಗೆ ರಜೆ ಹಾಕಿ ಊರಿಗೆ ಬಂದಿದ್ದಾಗ ನಮ್ಮ ಒಂದು ಹೆಲಿಕಾಪ್ಟರು ಬಿತ್ತು. ಪೈಲಟ್ ಮೆಹ್ತಾ ಸಾಹೇಬರು, ಜೊತೆಗಿದ್ದ ಇನ್ನೊಬ್ಬ ಪೈಲಟ್, ಇಬ್ಬರೂ ಹೋದರು. ನಾನು ವಾಪಸ್ ಹೋಗುವ ಹೊತ್ತಿಗೆ ಓಬಳೇಶನ ಮಂಚ ಖಾಲಿಯಿತ್ತು, ಅವನನ್ನು ಎಲ್ಲೋ ದೂರದ ಡಿಪೋಗೆ ವರ್ಗ ಮಾಡಿದ್ದರು. ಆಮೇಲೆ ಅವನ ಸುಳಿವೇ ಇಲ್ಲ. ಹೊಸದುರ್ಗದ ಕಡೆಯವನು ಅಂತ ಗೊತ್ತಿತ್ತು, ಊರು ಗೊತ್ತಿರಲಿಲ್ಲ. ಪೋಸ್ಟ್ ಕಾರ್ಡಿನ ಕಾಲದಿಂದ ವಾಟ್ಸಾಪಿನ ಕಾಲದವರೆಗೆ ಹುಡುಕಿದೆ, ಸಿಗಲಿಲ್ಲ.

ಸಿಕ್ಕಿದ್ದು ಒಂದು ಪಂಪ್‌ಸೆಟ್ಟಿನಲ್ಲಿ. ಹೊಸದುರ್ಗದ ಹತ್ತಿರ ನನ್ನ ತಂಗಿಯ ಮನೆ. ಊಟಕ್ಕೆ ಇನ್ನೂ ಹೊತ್ತಿತ್ತು, ಭಾವನ ಜೊತೆ ತೋಟದ ಬಾವಿಯ ಕಡೆ ಹೋದೆ. ಬಾವಿಯ ಕಟ್ಟೆಯ ಮೇಲಿನ ಮೋಟಾರು ನೋಡಿ ಅಲ್ಲೇ ಕೂತುಬಿಟ್ಟೆ. ಅದರ ಬೋಲ್ಟಿನ ತಲೆಗಳಿಗೆ ಸಣ್ಣ ತೂತು ಕೊರೆದು, ಒಂದರಿಂದ ಇನ್ನೊಂದಕ್ಕೆ ತೆಳ್ಳನೆ ತಂತಿ ಪೋಣಿಸಿ, ಹುರಿ ಹೊಸೆದ ಹಾಗೆ ಹೊಸೆದು ಕಟ್ಟಿತ್ತು. ಇದು ವಿಮಾನದ ಕೆಲಸ. ನಡುಕಕ್ಕೆ ಬೋಲ್ಟು ಸಡಿಲವಾಗದಿರಲಿ ಅಂತ ಕಟ್ಟುವ ಲಾಕ್ ವೈರು. ತೆಂಗಿಗೆ ನೀರು ಹಾಯಿಸುವ ಮೋಟಾರಿಗೆ ಈ ಲೋಕದಲ್ಲಿ ಯಾರೂ ಅದನ್ನು ಕಟ್ಟುವುದಿಲ್ಲ.

"ಭಾವ, ಇದನ್ನ ರಿಪೇರಿ ಮಾಡಿದ್ದು ಯಾರು?"

"ಮತ್ತೋಡಿನ ಓಬಳೇಶಪ್ಪ. ಕೆಲಸ ಒಳ್ಳೇದು, ಮನುಷ್ಯ ಮಾತ್ರ ಒಂಥರಾ. ಮೋಟಾರು ಶುರು ಮಾಡಿದ ಮೇಲೆ ಒಂದು ತಾಸು ಅದರ ಪಕ್ಕದಾಗೇ ಕುಂತಿರ್ತಾನೆ, ಕಿವಿ ಕೊಟ್ಕಂಡು. ಊಟಕ್ಕೆ ಕರದ್ರೂ ಏಳಲ್ಲ."

ಊಟ ಮಾಡದೆ ನಾನೂ ಎದ್ದೆ. ತಂಗಿ ಬೈದದ್ದು ಇನ್ನೂ ನೆನಪಿದೆ.

ಮತ್ತೋಡಿನಲ್ಲಿ ಅವನ ಮನೆಯ ಮುಂದೆಯೇ ತಗಡಿನ ಶೆಡ್ಡು, ಒಳಗೆ ಬಿಚ್ಚಿಟ್ಟ ಮೋಟಾರುಗಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದವನು ತಕ್ಷಣ ಗುರುತು ಹಿಡಿದ. ಖುಷಿಯಾಯಿತು ಅಂತ ನನಗನ್ನಿಸಲಿಲ್ಲ.

"ಬಂದ್ಯಾ ರುದ್ರೇಶ. ಕುಂತ್ಕ" ಅಂತ ಸ್ಟೂಲು ತಳ್ಳಿ ಮತ್ತೆ ಕೆಲಸಕ್ಕೆ ಬಗ್ಗಿದ. ಅವನ ಹೆಂಡತಿ ಗೌರಮ್ಮ ಒಳಗಿಂದ ಬಂದು, "ಬರ್ರಿ ಅಣ್ಣ, ಒಳಗೆ ಬರ್ರಿ, ಇವ್ರ ಕಡೆಯೋರು ಅಂತ ಯಾರೂ ಬಂದಿದ್ದೇ ಇಲ್ಲ ನಮ್ಮನಿಗೆ" ಅಂದರು. ಚಾ ಕೊಟ್ಟರು. ಆಕೆಗೆ ನಮ್ಮ ಕಾಲದ ಮಾತು ಕೇಳಬೇಕು ಅಂತ ಆಸೆ, ಬಾಗಿಲಲ್ಲೇ ನಿಂತಿದ್ದರು. ಓಬಳೇಶ "ಒಳಗೆ ಕೆಲಸ ಇಲ್ವಾ" ಅಂದ. ಹೋದರು. ಮೀಟಿಂಗಿಗೆ ಬಾ ಅಂದೆ. "ಬರಲ್ಲ" ಅಂದ. ಯಾಕೆ ಅಂದರೆ ಸ್ಪ್ಯಾನರು ಎತ್ತಿಕೊಂಡ.

ಮುಂದಿನ ವರ್ಷ ಮತ್ತೆ ಹೋದೆ, ಅದೇ ಮಾತು. ನನಗೂ ಸಿಟ್ಟು ಬಂತು. ಏನೋ ದೊಡ್ಡಸ್ತಿಕೆ ಇವನದು, ಬಿಟ್ಟುಬಿಡೋಣ ಅಂದುಕೊಂಡೆ. ಆದರೆ ಬಿಡಲಾಗಲಿಲ್ಲ. ಮೂರನೆಯ ಸಲ ಹೋದಾಗ ನನ್ನನ್ನು ಬಸ್ಸಿಗೆ ಬಿಡಲು ಜೊತೆಗೆ ಬಂದ. ಊರು ದಾಟಿ, ಯಾರೂ ಇಲ್ಲದ ಕಡೆ ನಿಂತು ಹೇಳಿದ.

"ಮೆಹ್ತಾ ಸಾಹೇಬ್ರನ್ನ ಕೊಂದೋನು ನಾನು. ಯಾವ ಮುಖ ಇಟ್ಕಂಡು ನಿಮ್ಮ ಜೊತೆ ಬಂದು ಕುಂತ್ಕಳ್ಲಿ?"

ನಮ್ಮಲ್ಲಿ ಒಂದು ಪದ್ಧತಿಯಿತ್ತು. ರೋಟರ್ ಬಿಚ್ಚಿ ಮತ್ತೆ ಜೋಡಿಸಿದ ಫಿಟ್ಟರು ಆ ದಿನ ಅದೇ ಹೆಲಿಕಾಪ್ಟರಿನಲ್ಲಿ ಹಾರಬೇಕು. ಬಿಗಿದವನ ಜೀವವೂ ಅದರಲ್ಲಿ ಇದ್ದರೆ ಬಿಗಿತ ಸರಿಯಿರುತ್ತದೆ ಅನ್ನುವುದು ಒಂದು. ಇನ್ನೊಂದು, ಶಬ್ದ ಸ್ವಲ್ಪ ಬೇರೆಯಾದರೂ ಆ ಫಿಟ್ಟರಿನ ಕಿವಿಗೆ ಗೊತ್ತಾಗುತ್ತದೆ. ಹೆಲಿಕಾಪ್ಟರು ಬಿದ್ದ ದಿನ, ಅದರ ರೋಟರ್ ಜೋಡಿಸಿದ್ದ ಓಬಳೇಶ ಬೆಳಿಗ್ಗೆ ಮೆಹ್ತಾ ಸಾಹೇಬರ ಜೊತೆ ಹಾರಿದ್ದ, ಎಲ್ಲ ಸರಿಯಿತ್ತು. ಮಧ್ಯಾಹ್ನ ಎತ್ತರದ ಠಾಣೆಯಿಂದ ಒಬ್ಬ ಜವಾನನನ್ನು ತುರ್ತಾಗಿ ಕೆಳಗೆ ತರಬೇಕು ಅಂತ ಕರೆ ಬಂತು. ಆ ಎತ್ತರದಲ್ಲಿ ಒಂದಾಳಿನ ತೂಕವೂ ಹೆಚ್ಚು. ಮತ್ತೆ ಹತ್ತಿ ಕೂತಿದ್ದ ಓಬಳೇಶನ ಬೆನ್ನು ತಟ್ಟಿ ಮೆಹ್ತಾ ಸಾಹೇಬರು, ನೀನು ಇಳಿ, ಆ ಜಾಗ ಅವನಿಗೆ ಬೇಕು ಅಂದರು. ಇವನು ಇಳಿದ. ಅವರು ಠಾಣೆ ಮುಟ್ಟಲೇ ಇಲ್ಲ.

"ನಾನು ಒಳಗಿದ್ದಿದ್ರೆ ಶಬ್ದ ಕೇಳಿಸ್ತಿತ್ತು. ಇಳಿಸ್ರಿ ಸಾಹೇಬ್ರೆ ಅಂತಿದ್ದೆ. ಎಲ್ಲೋ ಒಂದು ಬೋಲ್ಟು ತಪ್ಪೀನಿ ನಾನು."

"ಮೋಡದಾಗೆ ಬೆಟ್ಟ ಕಾಣದೆ ಬಡಿದಿದ್ದು ಅಂತ ಎಲ್ಲಾರೂ ಹೇಳ್ತಿದ್ರಲ್ಲೋ."

"ಎಲ್ಲಾರೂ ಅಂದ್ರೆ ಯಾರು? ನೀನು ನೋಡಿದ್ಯಾ?"

"ಇಲ್ಲ."

"ನನ್ನ ತಪ್ಪಿಲ್ಲ ಅಂದ್ರೆ ವಾರ ತುಂಬೋದ್ರೊಳಗೆ ನನ್ನ ಯಾಕೆ ಬೇರೆ ಕಡೆ ಒಗದ್ರು? ವಿಚಾರಣೆಗೆ ಒಂದು ಮಾತೂ ಕೇಳ್ಲಿಲ್ಲ. ಸ್ಕ್ವಾಡ್ರನ್ ಹೆಸರು ಕೆಡ್ತೈತೆ ಅಂತ ಮೆಲ್ಲಗೆ ಕಳಿಸಿದ್ರು. ನಾನೇನು ಹುಡುಗನಾ, ಅಷ್ಟೂ ತಿಳಿಯಲ್ವಾ?" ಬಸ್ಸು ಬರುವ ಕಡೆ ತಿರುಗಿ, "ಮನೆಯಾಗೆ ಹೇಳಿಲ್ಲ. ನೀನೂ ಹೇಳ್ಬ್ಯಾಡ" ಅಂದ.

ಬಸ್ಸು ಬಂತು. ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಮೂವತ್ತು ವರ್ಷ ಒಬ್ಬ ಮನುಷ್ಯ ಇಬ್ಬರನ್ನು ಕೊಂದೆ ಅಂದುಕೊಂಡು ಉಂಡು ಎದ್ದಿದ್ದಾನೆ. ನಾವು ಚಿತ್ರದುರ್ಗದಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು ಹಳೆಯ ಜೋಕು ಹೇಳಿಕೊಂಡು ನಗುತ್ತಿದ್ದೆವು. ಹೀಗೇ ಅಂದುಕೊಂಡೇ ಸತ್ತರೆ? ನನ್ನ ಸಮಾಧಾನದ ಮಾತು ಅವನಿಗೆ ಬೇಡ. ಕಣ್ಣಾರೆ ಕಂಡವರೇ ಬಂದು ಹೇಳಬೇಕು.

ಕಂಡವರು ಒಬ್ಬರಿದ್ದರು. ಆಗ ನಮ್ಮ ಇಂಜಿನಿಯರಿಂಗ್ ಆಫೀಸರ್ ಆಗಿದ್ದ ಶ್ರೀಕಂಠಯ್ಯ ಸರ್, ಈಗ ಮೈಸೂರಿನಲ್ಲಿ. ಬಿದ್ದ ಜಾಗಕ್ಕೆ ಹೋದ ತಂಡದಲ್ಲಿ ಅವರಿದ್ದರು. ಕಟ್ಟುನಿಟ್ಟಿನ ಮನುಷ್ಯ, ನಕ್ಕದ್ದನ್ನು ನಾನು ನೋಡಿರಲಿಲ್ಲ. ಫೋನು ಮಾಡಿ ಆ ಅಪಘಾತದ ವಿಷಯ ಎತ್ತಿದ ಕೂಡಲೇ ಮಾತಿಗೆ ಬಾಗಿಲು ಹಾಕಿದರು.

"ವಿಚಾರಣೆಯ ವಿಷಯ ಹೊರಗಡೆ ಹೇಳೋ ಹಾಗಿಲ್ಲ ಕಣಯ್ಯ. ನಿನಗೆ ಗೊತ್ತಿಲ್ವೇ?"

ನನಗೆ ರೇಗಿತು. ಸರ್ವಿಸಿನಲ್ಲಿದ್ದಿದ್ದರೆ ಈ ಬಾಯಿಗೆ ಶಿಕ್ಷೆಯಾಗುತ್ತಿತ್ತು.

"ಹೊರಗಿನೋರಿಗೆ ಬ್ಯಾಡ ಸರ್. ಒಳಗಿನೋನಿಗೇ ನೀವು ಹೇಳ್ಲಿಲ್ವಲ್ಲ. ಓಬಳೇಶ ಇಷ್ಟು ವರ್ಷ ತಾನೇ ಕೊಂದೆ ಅಂತ ತಿಳ್ಕಂಡವ್ನೆ."

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು.

"ಯಾಕೆ?" ಅಂದರು. ದನಿ ಬೇರೆಯಾಗಿತ್ತು.

"ನೀವು ಅವನ್ನ ವರ್ಗ ಮಾಡಿದ್ರಲ್ಲ, ಅದಕ್ಕೆ."

"ನಾನು ಬರ್ತೀನಿ. ಇದು ಫೋನಲ್ಲಿ ಆಡೋ ಮಾತಲ್ಲ."

ಆ ವಯಸ್ಸಿನಲ್ಲಿ ಮೈಸೂರಿನಿಂದ ಕಾರು ಮಾಡಿಕೊಂಡು ಬಂದರು. ಹೊಸದುರ್ಗದಲ್ಲಿ ನಾನು ಹತ್ತಿಕೊಂಡೆ. ಕೈಯಲ್ಲಿ ಊರುಗೋಲು, ಆದರೂ ಬೆನ್ನು ನೆಟ್ಟಗೆ. ದಾರಿಯಲ್ಲಿ ಒಂದೇ ಮಾತು ಕೇಳಿದ್ದು, "ಮಕ್ಕಳೆಷ್ಟು ಅವನಿಗೆ?" ಇಬ್ಬರು ಹೆಣ್ಣುಮಕ್ಕಳು, ಮದುವೆಯಾಗಿದೆ ಅಂದೆ. ಆಮೇಲೆ ಮತ್ತೋಡು ಬರುವವರೆಗೆ ಕಿಟಕಿಯ ಆಚೆ ನೋಡುತ್ತಿದ್ದರು.

ಶೆಡ್ಡಿನಲ್ಲಿ ಬನಿಯನ್ನಿನಲ್ಲಿ ಕೂತಿದ್ದ ಓಬಳೇಶ ಅವರನ್ನು ಕಂಡವನೇ ಎದ್ದು ಪರೇಡಿನ ಸಾವಧಾನ್ ಭಂಗಿಯಲ್ಲಿ ನಿಂತ. ಎರಡೂ ಕೈಗೆ ಗ್ರೀಸು. ಕೂತ್ಕೊ ಅಂದರೆ ಕೂರಲಿಲ್ಲ. ಅವನು ಕೂರದ್ದಕ್ಕೆ ಸರ್ ಕೂಡ ನಿಂತೇ ಮಾತಾಡಿದರು.

"ಬಿದ್ದ ಜಾಗಕ್ಕೆ ನಾನೇ ಹೋಗಿದ್ದೆ ಓಬಳೇಶ. ರೋಟರಿನ ಬುಡ ನಾನೇ ನೋಡಿದೆ, ಕೈಯಲ್ಲಿ ಮುಟ್ಟಿ ನೋಡಿದೆ. ನಿನ್ನ ಲಾಕ್ ವೈರು ಹಾಗೇ ಇತ್ತು. ತುದಿಯನ್ನ ಎರಡು ಸಲ ಮಡಚಿ ಒಳಗೆ ತಳ್ಳಿತ್ತು. ನಮ್ಮಲ್ಲಿ ಹಾಗೆ ಎರಡು ಸಲ ಮಡಚ್ತಿದ್ದೋನು ನೀನೊಬ್ಬನೇ. ಸುಮ್ಮನೆ ಹೊತ್ತು ಹಾಳು ಮಾಡ್ತೀಯ ಅಂತ ನಾನೇ ಬೈತಿದ್ದೆ. ಒಂದು ಬೋಲ್ಟೂ ಅಲುಗಾಡಿರಲಿಲ್ಲ. ಇಂಜಿನ್ನೂ ಸರಿಯಾಗಿತ್ತು. ಮೋಡ ಇಳಿದು ಬೆಟ್ಟ ಮುಚ್ಚಿತ್ತು, ಅವರಿಗೆ ಕಾಣಲಿಲ್ಲ. ನೀನು ಒಳಗಿದ್ದಿದ್ರೂ ಕೇಳಿಸೋಂಥದ್ದು ಏನೂ ಇರಲಿಲ್ಲ. ನೀನೂ ಹೋಗ್ತಿದ್ದೆ, ಅಷ್ಟೇ."

ಓಬಳೇಶ ತನ್ನ ಬೆರಳುಗಳನ್ನೇ ನೋಡಿಕೊಂಡ. ಮಡಚಿದ ತುದಿ ಇನ್ನೂ ಕಣ್ಣ ಮುಂದಿರುವ ಹಾಗೆ ಸರ್ ಹೇಳಿದ್ದರು, ಕೈಯಾರೆ ಮುಟ್ಟಿ ನೋಡಿದವರ ಮಾತು ಅದು. ನಂಬಿದ ಅಂತ ಅವನ ಮುಖದಲ್ಲೇ ಗೊತ್ತಾಯಿತು. ನಂಬಿದ ಮೇಲೆ ಸಿಟ್ಟು ಬಂತು.

"ಮತ್ತೆ ನನ್ನ ಯಾಕೆ ಕಳಿಸಿದ್ರಿ ಸರ್?"

"ನೀನು ಊಟ ಬಿಟ್ಟಿದ್ದೆ. ಹೆಲಿಪ್ಯಾಡಿನ ಹತ್ತಿರವೇ ಚಳಿಯಲ್ಲಿ ಕೂತಿರ್ತಿದ್ದೆ, ಎಬ್ಬಿಸಿದರೆ ಏಳ್ತಿರಲಿಲ್ಲ. ಆ ಜಾಗದಿಂದ ದೂರ ಹೋದ್ರೆ ಸರಿಹೋಗ್ತೀಯ ಅಂದ್ಕೊಂಡೆ. ವಿಚಾರಣೆಗೆ ಕರೆಸಿ ಮತ್ತೆ ಅದನ್ನೇ ಕೆದಕೋದು ಬೇಡ ಅಂತ, ನಿನ್ನನ್ನ ಕೇಳೋ ಅಗತ್ಯವಿಲ್ಲ ಅಂತ ನಾನೇ ಹೇಳಿದೆ. ನಿನಗೆ ಒಳ್ಳೇದು ಮಾಡಿದೆ ಅಂತ್ಲೇ ಇಷ್ಟು ದಿನ ತಿಳ್ಕೊಂಡಿದ್ದೆ."

"ಒಂದು ಮಾತು ಹೇಳಿ ಕಳಿಸ್ಬೋದಿತ್ತಲ್ಲ ಸರ್. ಒಂದೇ ಒಂದು ಮಾತು."

"ಹೇಳ್ಬೇಕಿತ್ತು. ಹೇಳಲಿಲ್ಲ. ನನ್ನಿಂದ ತಪ್ಪಾಯ್ತು."

ಆಫೀಸರ್ ಒಬ್ಬರು ಫಿಟ್ಟರಿನ ಮುಂದೆ ನಿಂತು ಹೀಗೆ ಹೇಳಿದ್ದನ್ನು ನನ್ನ ಇಡೀ ಸರ್ವಿಸಿನಲ್ಲಿ ಕೇಳಿರಲಿಲ್ಲ. ಓಬಳೇಶ ಪರವಾಗಿಲ್ಲ ಅನ್ನಲಿಲ್ಲ. ಯಾಕೆ ಅನ್ನಬೇಕು.

ಆಗ ಮನೆಯ ಬಾಗಿಲ ಕಡೆಯಿಂದ ಮಾತು ಬಂತು. ಗೌರಮ್ಮ ತಟ್ಟೆಯಲ್ಲಿ ಮಜ್ಜಿಗೆಯ ಲೋಟ ಇಟ್ಟುಕೊಂಡು ನಿಂತಿದ್ದರು. ಯಾವಾಗಿನಿಂದ ನಿಂತಿದ್ದರೋ, ನಮ್ಮಲ್ಲಿ ಯಾರೂ ನೋಡಿರಲಿಲ್ಲ.

"ಇದಕ್ಕಾ?" ಅಂದರು. ಗಂಡನನ್ನು ಕೇಳಿದ್ದು. ಅವನು ತಲೆ ಎತ್ತಲಿಲ್ಲ. ಆಕೆ ನನ್ನ ಕಡೆ ತಿರುಗಿದರು.

"ಅಣ್ಣ, ಇವ್ರು ಆ ದೂರದ ಡಿಪೋದಿಂದ ರಜಕ್ಕೆ ಬಂದಾಗ ನಮ್ಮ ಮದುವೆ ಆಗಿದ್ದು. ಆವತ್ತಿಂದ ನನ್ನ ಮುಖ ನೋಡಿ ನಕ್ಕಿದ್ದಿಲ್ಲ. ಬೈದಿಲ್ಲ, ಹೊಡೆದಿಲ್ಲ, ಯಾವುದಕ್ಕೂ ಕಮ್ಮಿ ಮಾಡಿಲ್ಲ. ಆದ್ರೆ ಒಂದಿನ ಹೋಗಾಣ ಬಾ ಅಂತ ಎಲ್ಲಿಗೂ ಕರ್ಕಂಡು ಹೋಗಿಲ್ಲ. ಇವ್ರಿಗೆ ನಾನು ಬ್ಯಾಡಾಗಿದ್ದೆ, ಹಿರೇರ ಬಲವಂತಕ್ಕೆ ಕಟ್ಕಂಡವ್ರೆ ಅಂತ ತಿಳ್ಕಂಡೇ ಬಾಳ್ವೆ ಮಾಡ್ದೆ ನಾನು. ಹೆಣ್ಣುಮಕ್ಕಳಿಗೆ ಮದುವೆ ಮಾಡೋವಾಗ್ಲೂ ಅದೇ ಭಯ ನನಗೆ, ಅವಕ್ಕೂ ಹಿಂಗೇ ಆದ್ರೆ ಅಂತ."

ದನಿ ಎತ್ತರಿಸದೆ, ಕೈಯಲ್ಲಿದ್ದ ಮಜ್ಜಿಗೆ ತುಳುಕದ ಹಾಗೆ ಹೇಳಿದರು. ಅಷ್ಟು ಹೊತ್ತು ಸಾವಧಾನ್ ಭಂಗಿಯಲ್ಲಿ ನಿಂತಿದ್ದ ಓಬಳೇಶ ಬಿಚ್ಚಿಟ್ಟ ಮೋಟಾರಿನ ಪಕ್ಕ ನೆಲಕ್ಕೆ ಕುಸಿದು ಕೂತ. ಆಫೀಸರ್ ಮಾತಿಗೆ ಬರದಿದ್ದ ಅಳು ಈಗ ಬಂತು.

"ಇಲ್ಲ ಗೌರಿ" ಅಂದ. "ಅಲ್ಲ. ಹಂಗಲ್ಲ ಕಣೆ."

ಗೌರಮ್ಮ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಬಂದು ಅವನ ಪಕ್ಕದಲ್ಲಿ ನೆಲದ ಮೇಲೇ ಕೂತರು. ಸೆರಗಿನಿಂದ ಅವನ ಕೈಯ ಗ್ರೀಸು ಒರೆಸತೊಡಗಿದರು. ನನಗೂ ಅಳು ಬಂತು, ಮುಚ್ಚಿಡುವುದೇನು. ಶ್ರೀಕಂಠಯ್ಯ ಸರ್ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದರು. ಇಬ್ಬರೂ ಕಾರಿನ ನೆರಳಿನಲ್ಲಿ ನಿಂತೆವು. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಒಳ್ಳೆಯದು ಮಾಡುತ್ತೇನೆ ಅಂತ ಹೊರಟವರು ಒಂದು ಮಾತು ಆಡದೆ ಹೋದರೆ ಏನಾಗುತ್ತದೆ ಅನ್ನುವುದನ್ನು ನಾನು ಅವತ್ತು ನೋಡಿದೆ. ಕೆಟ್ಟವರು ಅಂತ ಅಲ್ಲಿ ಯಾರೂ ಇರಲಿಲ್ಲ. ಪ್ರಸನ್ನ, ನೀನು ಇವರನ್ನೆಲ್ಲ ನೋಡಿಕೊಳ್ಳುವಾಗ, ಹೇಳಬೇಕಾದ್ದು ಇದ್ದರೆ ಆ ಮನೆಗೆ ಹೋಗಿ ಹೇಳು. ಆತನಿಗೊಬ್ಬನಿಗೇ ಅಲ್ಲ, ಮನೆಯವರಿಗೂ ಕೇಳಿಸುವ ಹಾಗೆ ಹೇಳು.

ಹೊರಡುವ ಹೊತ್ತಿಗೆ ಓಬಳೇಶ ಮುಖ ತೊಳೆದು, ಶರ್ಟು ಹಾಕಿಕೊಂಡು ಕಾರಿನ ಹತ್ತಿರ ಬಂದ. ಸರ್‌ಗೆ ಕೈ ಮುಗಿದ. ಅವರು ಅವನ ಕೈಯನ್ನು ಹಿಡಿದುಕೊಂಡೇ ಇದ್ದರು, ಬಿಡಲಿಲ್ಲ.

"ಮೀಟಿಂಗು ಯಾವಾಗ ಅಂದಿದ್ದೆ ರುದ್ರೇಶ?" ಅಂತ ಕೇಳಿದ.

"ಬರೋ ಭಾನುವಾರ. ಹನ್ನೊಂದು ಗಂಟೆಗೆ."

"ಬರ್ತೀನಿ" ಅಂದವನು ಹಿಂದೆ ತಿರುಗಿ ಬಾಗಿಲ ಕಡೆ ನೋಡಿ, "ಇಬ್ರೂ ಬರ್ತೀವಿ" ಅಂದ.

ಗೌರಮ್ಮ ಅಲ್ಲಿಂದಲೇ ಹೇಳಿದರು. "ಬೆಳಿಗ್ಗೆ ಮೊದಲನೇ ಬಸ್ಸಿಗೇ ಬರ್ತೀವಿ ಅಣ್ಣ. ದುರ್ಗದ ಕೋಟೆ ನಾನಿನ್ನೂ ನೋಡಿಲ್ಲ."

ಭಾನುವಾರ ಹನ್ನೊಂದು ಆಯಿತು, ಹನ್ನೆರಡು ಆಯಿತು, ಅವರ ಸುಳಿವಿಲ್ಲ. ಮನಸ್ಸು ಬದಲಾಯಿಸಿದನೇನೋ ಅಂತ ನಾನು ಬಾಗಿಲಿಗೂ ಒಳಗೂ ಓಡಾಡುತ್ತಿದ್ದೆ. ಎಲ್ಲರೂ ಊಟಕ್ಕೆ ಕೂತ ಮೇಲೆ ಇಬ್ಬರೂ ಬಂದರು, ಬೆವರಿ, ಚಪ್ಪಲಿಯೆಲ್ಲ ಧೂಳಾಗಿ. ಓಬಳೇಶ ಹಿಂದೆ, ಗೌರಮ್ಮ ಮುಂದೆ. ಯಾಕಿಷ್ಟು ತಡ ಅಂದೆ.

"ಇವ್ರು ಕೋಟೆಯಿಂದ ಇಳೀಲೇ ಇಲ್ಲ ಅಣ್ಣ" ಅಂದರು ಗೌರಮ್ಮ. "ಇನ್ನೊಂಚೂರು ಮ್ಯಾಲೆ ಹೋಗಾಣ, ಇನ್ನೊಂಚೂರು ಮ್ಯಾಲೆ ಹೋಗಾಣ ಅಂತ ಕರ್ಕಂಡು ಹೋಗ್ತಾನೇ ಇದ್ರು."